ಮನೆ ಕಟ್ಟಿದ್ದು ಮಗ, ಜಾಗ ಉಪ್ಪನ ಹೆಸರಲ್ಲಿ

ಊರಿನಲ್ಲಿ ಹೊಸ ಮನೆಯೊಂದು ಎದ್ದರೆ ಸಾಕು, ಮೊದಲು ಬರುವ ಪ್ರಶ್ನೆ "ಯಾರದ್ದು?" ಎಂಬುದು. "ಇಂಥವರ ಎರಡನೇ ಮಗನದ್ದು. ದಮಾಮ್‌ನಲ್ಲಿ ಇದ್ದಾನಲ್ಲ, ಅವನು ಕಟ್ಟಿಸಿದ್ದು" ಎಂಬ ಉತ್ತರವೂ ಕೂಡಲೇ ಸಿಗುತ್ತದೆ. ಆದರೆ ಅದೇ ಜಾಗದ ಪಹಣಿ ತೆಗೆದು ನೋಡಿದರೆ ಅನೇಕ ಕಡೆ ಎರಡನೇ ಮಗನ ಹೆಸರೇ ಇರುವುದಿಲ್ಲ. ಜಾಗ ಉಪ್ಪನ ಹೆಸರಲ್ಲಿ ಉಂಟು. ಕೆಲವು ಕಡೆ ಉಪ್ಪನ ಉಪ್ಪನ ಹೆಸರಲ್ಲೇ ಉಳಿದುಬಿಟ್ಟಿದೆ.

ಉಪ್ಪ ಬದುಕಿರುವವರೆಗೆ ಇದು ಯಾರಿಗೂ ಸಮಸ್ಯೆ ಅನ್ನಿಸುವುದಿಲ್ಲ. "ನಮ್ಮಲ್ಲಿ ನಿನ್ನದು ನನ್ನದು ಅಂತ ಇಲ್ಲ" ಎಂದು ಹೆಮ್ಮೆಯಿಂದಲೇ ಹೇಳುತ್ತೇವೆ. ಮಯ್ಯಿತ್ ಎತ್ತಿ ನಲವತ್ತು ದಿನ ಕಳೆಯುವುದರೊಳಗೆ ಅದೇ ಮನೆಯ ಅಂಗಳದಲ್ಲಿ ನಿನ್ನದು ನನ್ನದು ಶುರುವಾಗುತ್ತದೆ. ಮಾತು ಜಮಾಅತ್ ಕಮಿಟಿಯ ಮುಂದೆ ಬರುತ್ತದೆ. ಅಲ್ಲಿ ಬಗೆಹರಿಯದಿದ್ದರೆ ವಕೀಲರ ಕಚೇರಿಗೆ ಹೋಗುತ್ತದೆ. ಒಂದೇ ಬಟ್ಟಲಿನಲ್ಲಿ ಉಂಡ ಅಣ್ಣತಮ್ಮಂದಿರು ಪೆರ್ನಾಲ್ ದಿನ ಮುಖ ತಿರುಗಿಸಿಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ.

ಇದಕ್ಕೆ ಯಾರದೋ ಆಸೆಬುರುಕತನ ಕಾರಣ ಎಂದು ಹೇಳಿ ಮುಗಿಸುವುದು ಸುಲಭ. ನಿಜವಾದ ಕಾರಣ ಬೇರೆ ಇದೆ. ದುಡಿದವನೊಬ್ಬ, ತೀರ್ಮಾನ ಮಾಡಿದವನೊಬ್ಬ, ಕಾಗದದಲ್ಲಿ ಹೆಸರಿರುವವನು ಮತ್ತೊಬ್ಬ. ಈ ಮೂವರೂ ಒಟ್ಟಿಗೆ ಕುಳಿತು ಮಾತನಾಡಿದ್ದೇ ಇಲ್ಲ.

ಈ ಮಾತು ಈಗ ಯಾಕೆ?

ಗಲ್ಫ್ ಹಣ ನಮ್ಮ ಕರಾವಳಿಯ ಮನೆಗಳಿಗೆ ಹೊಸತಲ್ಲ. ಎಪ್ಪತ್ತರ ದಶಕದ ತೈಲ ಸಮೃದ್ಧಿಯಿಂದ ಇಲ್ಲಿಯವರೆಗೆ ಎರಡು, ಮೂರು ತಲೆಮಾರು ಅದರಲ್ಲೇ ಬೆಳೆದಿದೆ. ಮಕ್ಕಳ ಓದು, ತಂಗಿಯರ ನಿಕಾಹ್, ಮನೆ, ಮಸೀದಿ, ಮದ್ರಸ, ಶಾಲೆ ಎಲ್ಲದರಲ್ಲಿಯೂ ಅಲ್ಲಿನ ಬೆವರು ಇದೆ. ತಿಂಗಳು ತಿಂಗಳು ಹಣ ಬರುತ್ತಿರುವಾಗ ಲೆಕ್ಕ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಈ ತಿಂಗಳು ತಪ್ಪಾದರೆ ಮುಂದಿನ ತಿಂಗಳು ಸರಿಯಾಗುತ್ತಿತ್ತು.

ಈಗ ಆ ಧೈರ್ಯ ಕಡಿಮೆಯಾಗುತ್ತಿದೆ. ಸೌದಿ ಅರೇಬಿಯಾ 2011ರಲ್ಲಿ ನಿತಾಖತ್ ತಂದು ಸ್ವದೇಶಿಯರಿಗೆ ಕೆಲಸ ಮೀಸಲಿಡಲು ಕಂಪೆನಿಗಳನ್ನು ಕಟ್ಟಿಹಾಕಿತು. 2017ರ ಜುಲೈಯಿಂದ ಅವಲಂಬಿತರ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿ 2020ರ ಜುಲೈಗೆ ಅದು 400 ರಿಯಾಲ್ ಆಯಿತು. ಹೆಂಡತಿ, ಇಬ್ಬರು ಮಕ್ಕಳನ್ನು ಜೊತೆಗಿಟ್ಟುಕೊಂಡವನಿಗೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್ ಬರೀ ಶುಲ್ಕ. ಅದೇ 2020ರ ಜುಲೈಯಲ್ಲಿ ಅಲ್ಲಿನ ವ್ಯಾಟ್ ಶೇ. 5ರಿಂದ ಶೇ. 15ಕ್ಕೆ ಏರಿತು. ಸಾಧಾರಣ ಸಂಬಳದವರು ಕುಟುಂಬವನ್ನು ಊರಿಗೆ ಕಳಿಸಿ ತಾವು ಬ್ಯಾಚುಲರ್ ರೂಮಿಗೆ ಮರಳಿದರು. ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡು ವಂದೇ ಭಾರತ್ ವಿಮಾನದಲ್ಲಿ ಬಂದವರಲ್ಲಿ ಕೆಲವರು ಹಿಂದೆ ಹೋಗಲೇ ಇಲ್ಲ.

ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಲೆಕ್ಕವೂ ಇದನ್ನೇ ಹೇಳುತ್ತದೆ. 2016-17ರಲ್ಲಿ ಭಾರತಕ್ಕೆ ಹೊರದೇಶಗಳಿಂದ ಬಂದ ಹಣದಲ್ಲಿ ಗಲ್ಫ್ ದೇಶಗಳ ಪಾಲು ಸುಮಾರು ಶೇ. 47 ಇತ್ತು. 2023-24ಕ್ಕೆ ಅದು ಸುಮಾರು ಶೇ. 38ಕ್ಕೆ ಇಳಿದಿದೆ. ಒಟ್ಟು ಹಣ ಹೆಚ್ಚಾಗಿದೆ ನಿಜ. ಆದರೆ ಈಗ ಅಮೆರಿಕದಂಥ ದೇಶಗಳಲ್ಲಿ ದೊಡ್ಡ ಓದು ಓದಿದವರು ಕಳಿಸುವ ಪಾಲು ಏರುತ್ತಿದೆ, ಅಂಗಡಿ, ಡ್ರೈವಿಂಗ್, ಗೋದಾಮಿನ ಕೆಲಸದವರ ಪಾಲು ಕುಗ್ಗುತ್ತಿದೆ. ಒಟ್ಟು ಮೊತ್ತ ಕಂಡು ನಾವು ಸಮಾಧಾನ ಪಡುವಂತಿಲ್ಲ.

ಅಂದರೆ, ಹಣ ಬರುವ ದಾರಿ ಕಿರಿದಾಗುತ್ತಿರುವ ಹೊತ್ತಿಗೇ ದುಡಿದವನು ಊರಿಗೆ ಮರಳುತ್ತಿದ್ದಾನೆ. ಬಂದವನು ಮೊದಲ ಬಾರಿ ಕೇಳುತ್ತಾನೆ: "ಇಷ್ಟು ವರ್ಷ ಕಳಿಸಿದ್ದು ಎಲ್ಲಿ ಹೋಯ್ತು? ನನಗೆ ಅಂತ ಎಂತ ಉಂಟು?"

ಮೂರು ಕಡೆ ಹಂಚಿಹೋದ ಲೆಕ್ಕ

ಗಲ್ಫ್ ಮನೆಯೊಂದರ ಹಣಕಾಸು ಹೇಗೆ ನಡೆಯುತ್ತದೆ ನೋಡಿ. ಗಂಡನ ಸಂಬಳ ಎಷ್ಟೆಂದು ಹೆಂಡತಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಅವನು ಅಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಸಾಲ ತೆಗೆದು ತಂಗಿಯ ಮದುವೆಗೆ ಕಳಿಸಿದ್ದು ಉಪ್ಪನಿಗೆ ಗೊತ್ತಿಲ್ಲ. ಮನೆ ಕೆಲಸದ ಕಂಟ್ರಾಕ್ಟರನಿಗೆ ಎಷ್ಟು ಬಾಕಿ ಇದೆ ಎನ್ನುವುದು ಉಪ್ಪನಿಗೆ ಮಾತ್ರ ಗೊತ್ತು. ದಿನಸಿ ಅಂಗಡಿಯ ಸಾಲ, ಸ್ವಸಹಾಯ ಸಂಘದ ಕಂತು, ಅಡವಿಟ್ಟ ಬಳೆ ಇವೆಲ್ಲ ಉಮ್ಮ ಮತ್ತು ಸೊಸೆಯಂದಿರ ನಡುವಿನ ಗುಟ್ಟು. ಪ್ರತಿಯೊಬ್ಬರ ಹತ್ತಿರವೂ ಲೆಕ್ಕದ ಒಂದೊಂದು ತುಂಡು ಇದೆ. ಪೂರ್ತಿ ಲೆಕ್ಕ ಮನೆಯಲ್ಲಿ ಯಾರ ಬಳಿಯೂ ಇಲ್ಲ.

ಇದು ಮೋಸ ಅಲ್ಲ. ಹೆಚ್ಚಿನ ಕಡೆ ಪ್ರೀತಿಯಿಂದಲೇ ಹೀಗಾಗುತ್ತದೆ. "ಅಲ್ಲಿ ಬಿಸಿಲಲ್ಲಿ ಸಾಯ್ತಾ ಇದ್ದಾನೆ, ಇಲ್ಲಿನ ಕಷ್ಟ ಹೇಳಿ ಯಾಕೆ ಬೇಜಾರು ಮಾಡುದು" ಎಂದು ಇವರು ಸುಮ್ಮನಿರುತ್ತಾರೆ. "ಕೆಲಸ ಹೋಗುವ ಹಾಗೆ ಉಂಟು ಅಂತ ಹೇಳಿದ್ರೆ ಉಮ್ಮನಿಗೆ ನಿದ್ದೆ ಬರ್ಲಿಕ್ಕಿಲ್ಲ" ಎಂದು ಅವನೂ ಸುಮ್ಮನಿರುತ್ತಾನೆ. ಹೀಗೆ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಎಲ್ಲರೂ ಕತ್ತಲಲ್ಲಿ ಉಳಿಯುತ್ತಾರೆ.

ಅದರ ಫಲ ದೊಡ್ಡ ತೀರ್ಮಾನಗಳಲ್ಲಿ ಕಾಣುತ್ತದೆ. ಎರಡನೇ ಮಹಡಿ ಬೇಕೇ, ಮಗಳಿಗೆ ಬಿಎಸ್ಸಿ ಸೇರಿಸುವುದೇ, ಮದುವೆಗೆ ಹಾಲ್ ದೊಡ್ಡದೇ ಆಗಬೇಕೇ ಎಂಬುದೆಲ್ಲ ಹತ್ತು ನಿಮಿಷದ ವಾಟ್ಸ್‌ಆ್ಯಪ್ ಕಾಲ್‌ನಲ್ಲಿ ತೀರ್ಮಾನವಾಗುತ್ತದೆ. ಎರಡನೇ ಮಹಡಿಯ ನಾಲ್ಕು ಕೋಣೆಗಳಲ್ಲಿ ಮನುಷ್ಯರು ಮಲಗುವುದು ವರ್ಷದಲ್ಲಿ ಒಂದು ತಿಂಗಳು. ಅಷ್ಟೇ ಹಣವನ್ನು ಊರಿನಲ್ಲಿ ಒಂದು ಸಣ್ಣ ವ್ಯಾಪಾರಕ್ಕೋ ಮಗಳ ಓದಿಗೋ ಹಾಕಬಹುದಿತ್ತು ಎಂದು ಹೇಳುವವರು ಮನೆಯೊಳಗೇ ಇದ್ದರು. ಕೇಳಿದವರು ಇರಲಿಲ್ಲ.

48 ಪಾಲಿನ ಲೆಕ್ಕ

ಈಗ ಕಾನೂನಿನ ಮಾತಿಗೆ ಬರೋಣ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಂಥ ಕಲ್ಪನೆ ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಇಲ್ಲ. ಒಟ್ಟಿಗೆ ಬದುಕಿದರೂ, ಒಂದೇ ಒಲೆಯಲ್ಲಿ ಉಂಡರೂ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದ್ದು. ಅವರು ತೀರಿಕೊಂಡ ಮೇಲೆ ವಾರಸುದಾರರಿಗೆ ನಿಗದಿಯಾದ ಪಾಲು. ಮಗ ಕಳಿಸಿದ ಹಣದಲ್ಲಿ ಉಪ್ಪನ ಜಾಗದ ಮೇಲೆ ಮನೆ ಎದ್ದರೆ, ಸಾಮಾನ್ಯವಾಗಿ ಆ ಮನೆ ಜಾಗದ ಜೊತೆಗೇ ಹೋಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಉಪ್ಪನ ಹೆಸರಿನಲ್ಲಿ ಹತ್ತು ಸೆಂಟ್ಸ್ ಜಾಗ. ಅದರಲ್ಲಿ ಗಲ್ಫಿನ ಮಗ 36 ಲಕ್ಷ ಖರ್ಚು ಮಾಡಿ ಮನೆ ಕಟ್ಟಿದ್ದಾನೆ. ಜಾಗ, ಮನೆ ಸೇರಿ 48 ಲಕ್ಷ ಬೆಲೆ ಎಂದಿಟ್ಟುಕೊಳ್ಳಿ. ಉಪ್ಪ ತೀರಿಕೊಂಡಾಗ ಉಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಉಮ್ಮನಿಗೆ ಎಂಟನೇ ಒಂದು ಭಾಗ. ಉಳಿದದ್ದು ಮಕ್ಕಳಿಗೆ, ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ. ಒಟ್ಟು 48 ಪಾಲು ಮಾಡಿದರೆ ಉಮ್ಮನಿಗೆ 6, ಗಂಡುಮಕ್ಕಳಿಗೆ 14ರಂತೆ, ಹೆಣ್ಣುಮಕ್ಕಳಿಗೆ 7ರಂತೆ. 36 ಲಕ್ಷ ಹಾಕಿದ ಮಗನಿಗೆ ಸಿಗುವುದು 14 ಲಕ್ಷದ ಪಾಲು. ಒಂದು ರೂಪಾಯಿಯನ್ನೂ ಹಾಕದ ತಮ್ಮನಿಗೂ ಅಷ್ಟೇ.

ಇದರಲ್ಲಿ ಯಾರದ್ದೂ ತಪ್ಪಿಲ್ಲ. ತಂಗಿಯಂದಿರು ಕೇಳುವುದು ಅವರ ಹಕ್ಕಿನ ಪಾಲು. ಅದನ್ನು "ಅಣ್ಣನ ದುಡಿಮೆಗೆ ಕಣ್ಣು ಹಾಕಿದರು" ಎಂದು ಹೇಳುವುದು ಅನ್ಯಾಯ. ಅಣ್ಣನ ಸಂಕಟವೂ ಸುಳ್ಳಲ್ಲ. ಕೋರ್ಟಿನಲ್ಲಿ ಬ್ಯಾಂಕಿನ ದಾಖಲೆ ತೋರಿಸಿ ವಾದಿಸಬಹುದು. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಸಂಬಂಧ ಉಳಿಯುವುದಿಲ್ಲ.

ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಆ ಮಗ ಉಪ್ಪನಿಗಿಂತ ಮೊದಲೇ ತೀರಿಕೊಂಡರೆ? ಉಪ್ಪನ ಬೇರೆ ಗಂಡುಮಕ್ಕಳು ಬದುಕಿರುವಾಗ, ತೀರಿಹೋದ ಮಗನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರಸು ಪಾಲು ಬರುವುದಿಲ್ಲ. ಸೊಸೆಗೂ ಇಲ್ಲ. ಅವನ ದುಡಿಮೆಯಲ್ಲೇ ಎದ್ದ ಮನೆಯಲ್ಲಿ ಅವನ ಯತೀಂ ಮಕ್ಕಳು ಚಿಕ್ಕಪ್ಪಂದಿರ ದಯೆಯ ಮೇಲೆ ಇರಬೇಕಾಗುತ್ತದೆ. ಅದೇ ಹಣ ಅವನ ಸ್ವಂತ ಹೆಸರಿನ ಆಸ್ತಿಯಾಗಿದ್ದರೆ ಅವನ ಉಪ್ಪ, ಉಮ್ಮ, ಹೆಂಡತಿ, ಮಕ್ಕಳು ಎಲ್ಲರಿಗೂ ಅವರವರ ಪಾಲು ಸಿಗುತ್ತಿತ್ತು. ಜಾಗದ ಕಾಗದ ಯಾರ ಹೆಸರಲ್ಲಿದೆ ಎಂಬ ಒಂದೇ ವಿಷಯ ಒಂದು ವಿಧವೆಯ ಇಡೀ ಬದುಕನ್ನು ತೀರ್ಮಾನಿಸಿಬಿಡುತ್ತದೆ.

ದಾರಿಗಳು ಇವೆ. ಮನೆ ಕಟ್ಟುವ ಮೊದಲೇ ಜಾಗದ ಒಂದು ಭಾಗವನ್ನು ಉಪ್ಪ ಮಗನಿಗೆ ಹಿಬಾ ಮಾಡಬಹುದು. ಕೊಟ್ಟೆನೆಂಬ ಘೋಷಣೆ, ಪಡೆದೆನೆಂಬ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು ಈ ಮೂರೂ ಇರಬೇಕು. ಬಾಯಿಮಾತಿನ ಹಿಬಾ ಊರ್ಜಿತವಾದರೂ ನೋಂದಣಿ ಮಾಡಿಸಿದರೆ ಖಾತೆ ಬದಲಾವಣೆಗೂ ಮುಂದಿನ ತಕರಾರಿಗೂ ಒಳ್ಳೆಯದು. ಇಲ್ಲವೇ ಮಗನ ಹಣವನ್ನು ಸಾಲವೆಂದು ಬರೆದಿಡಬಹುದು. ವಾರಸು ಹಂಚುವ ಮೊದಲು ತೀರಿಸಬೇಕಾದದ್ದು ಸಾಲ. ಸಾಲವನ್ನು ಬರೆದಿಡಿ, ಸಾಕ್ಷಿ ಇಡಿ ಎಂಬುದು ನಮಗೆ ಹೊಸ ಪಾಠವೂ ಅಲ್ಲ. ಇನ್ನು, ವಾರಸು ಪಾಲು ಬಾರದ ಯತೀಂ ಮೊಮ್ಮಕ್ಕಳಿಗೆ ಅಜ್ಜ ತನ್ನ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು. ವಾರಸುದಾರರಿಗೆ ಬರೆಯುವ ವಸಿಯ್ಯತ್ ಮಾತ್ರ ಉಳಿದ ವಾರಸುದಾರರ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ.

ಒಂದು ಎಚ್ಚರಿಕೆ ಬೇಕು. ಹಿಬಾದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಹೊರಗಿಡುವ ಜಾಣತನ ಕೆಲವು ಕಡೆ ನಡೆಯುತ್ತದೆ. ದುಡಿದವನ ಹಣಕ್ಕೆ ರಕ್ಷಣೆ ಕೊಡುವುದು ಬೇರೆ, ತಂಗಿಯ ಪಾಲು ನುಂಗುವುದು ಬೇರೆ. ಗುಟ್ಟಾಗಿ ಮಾಡಿದ ಪತ್ರ ಎಷ್ಟೇ ಊರ್ಜಿತವಾಗಿದ್ದರೂ ಮನೆ ಒಡೆಯುತ್ತದೆ. ಎಲ್ಲರ ಎದುರಿನಲ್ಲಿ ಮಾಡಿದ ಪತ್ರಕ್ಕೇ ಬೆಲೆ.

ಯಜಮಾನಿ ಎಂಬ ಹೊಸ ಪದ

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದಾಗ ನಮ್ಮ ಮನೆಗಳಲ್ಲೂ ಒಂದು ಹೊಸ ಚರ್ಚೆ ಶುರುವಾಯಿತು: ಈ ಮನೆಯ ಯಜಮಾನಿ ಯಾರು? 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯೇ ಕುಟುಂಬದ ಮುಖ್ಯಸ್ಥೆ. ತಿಂಗಳಿಗೆ 2,000 ರೂಪಾಯಿ ಆಕೆಯ ಖಾತೆಗೆ. ಕೆಲವು ಮನೆಗಳಲ್ಲಿ ಅತ್ತೆ ಸೊಸೆ ಚೀಟಿ ಬೇರೆ ಮಾಡುವ ಮಾತೂ ಬಂತು. ಹಣ ಸಣ್ಣದು, ತಡವಾಗಿ ಬರುತ್ತದೆ ಎಂಬ ದೂರೂ ಇದೆ. ಆದರೂ ಅದು ಒಂದು ಸತ್ಯವನ್ನು ಬಯಲು ಮಾಡಿತು. ಎಷ್ಟೋ ವರ್ಷಗಳಿಂದ ಮನೆ ನಡೆಸುತ್ತಿದ್ದ ಹೆಂಗಸರ ಕೈಯಲ್ಲಿ ತಮ್ಮದೇ ಹೆಸರಿನ ಪಾಸ್‌ಬುಕ್ ಇರಲಿಲ್ಲ, ಅಥವಾ ಇದ್ದರೂ ಅದರ ಎಟಿಎಂ ಕಾರ್ಡ್ ಮಗನ ಪರ್ಸಿನಲ್ಲಿತ್ತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಶ್ನೆಯನ್ನು ಜಾಣತನದಿಂದ ಕೇಳುತ್ತಾರೆ. ಖಾತೆ ಇದೆಯೇ ಎಂದಷ್ಟೇ ಅಲ್ಲ, ಅದನ್ನು ನೀವೇ ಬಳಸುತ್ತೀರಾ ಎಂದು. 2015-16ರಲ್ಲಿ ದೇಶದಲ್ಲಿ ಶೇ. 53ರಷ್ಟು ಮಹಿಳೆಯರು ಹೌದು ಎಂದಿದ್ದರು. 2019-21ರಲ್ಲಿ ಅದು ಶೇ. 78.6ಕ್ಕೆ ಏರಿತು. ಬದಲಾವಣೆ ನಡೆಯುತ್ತಿದೆ, ಅದಕ್ಕೆ ಮನೆಯ ಗಂಡಸರು ಹೆದರಬೇಕಾಗಿಲ್ಲ. ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡುಫ್ಲೊ ದಕ್ಷಿಣ ಆಫ್ರಿಕಾದ ವೃದ್ಧಾಪ್ಯ ಪಿಂಚಣಿಯ ಬಗ್ಗೆ ನಡೆಸಿದ ಅಧ್ಯಯನ ಪ್ರಸಿದ್ಧ. ಪಿಂಚಣಿ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಮೊಮ್ಮಗಳಂದಿರ ಪೋಷಣೆ ಸುಧಾರಿಸಿತ್ತು. ಅದೇ ಹಣ ಅಜ್ಜನ ಕೈಗೆ ಬಂದಾಗ ಅಂಥ ಬದಲಾವಣೆ ಕಾಣಲಿಲ್ಲ. ಹಣ ಮನೆಗೆ ಬಂದರಷ್ಟೇ ಸಾಲದು, ಯಾರ ಕೈಗೆ ಬರುತ್ತದೆ ಎಂಬುದೂ ಮುಖ್ಯ.

ಚಿನ್ನದ ವಿಷಯವೂ ಇದೇ. ಮಹರ್ ಮತ್ತು ಆಕೆಗೆ ಕೊಟ್ಟ ಒಡವೆ ಹೆಣ್ಣಿನ ಸ್ವಂತದ್ದು. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿತು. ಆ ಲೆಕ್ಕದಲ್ಲಿ ಎಂಟು ಗ್ರಾಂನ ಒಂದು ಪವನ್‌ಗೆ 80 ಸಾವಿರ. ಇಪ್ಪತ್ತು ಪವನ್ ಇದ್ದರೆ 16 ಲಕ್ಷ. ಗಲ್ಫಿನಿಂದ ಮರಳಿದವನು ಅಂಗಡಿ ಹಾಕಲು ಮೊದಲು ನೋಡುವುದು ಈ ಒಡವೆಯ ಕಡೆಗೇ. ಕೊಡಬಾರದೆಂದಲ್ಲ. ಎಷ್ಟೋ ಅಂಗಡಿಗಳು ಹೆಂಡತಿಯ ಬಳೆಯಲ್ಲೇ ನಿಂತಿವೆ. ಆದರೆ ಅದು ಆಕೆ ಹಾಕಿದ ಬಂಡವಾಳ. ಆ ಅಂಗಡಿಯಲ್ಲಿ ಆಕೆಗೆ ಪಾಲೋ, ಹಿಂದೆ ಕೊಡುವ ದಿನವೋ ಇರಬೇಕು. "ಬೀರುವಿನಲ್ಲಿ ಸುಮ್ಮನೆ ಇದ್ದದ್ದು ತಾನೆ" ಎಂಬ ಮಾತಿನಲ್ಲಿ ಆಕೆಯ ಒಪ್ಪಿಗೆ ಮುಗಿಯಬಾರದು.

ಬ್ಯಾಂಕಿನ ಕಾಗದ

ಎನ್‌ಆರ್‌ಇ ಖಾತೆಗೆ ಊರಿನಲ್ಲಿರುವ ಹತ್ತಿರದ ಸಂಬಂಧಿಯನ್ನು ಜಂಟಿಯಾಗಿ ಸೇರಿಸಬಹುದು. ಆದರೆ ಖಾತೆದಾರ ಬದುಕಿರುವವರೆಗೆ ಆ ಸಂಬಂಧಿ ಅಧಿಕಾರ ಪತ್ರದ ಮೂಲಕವಷ್ಟೇ ವ್ಯವಹಾರ ಮಾಡಬಹುದು. ಗಲ್ಫ್ ಬಿಟ್ಟು ಖಾಯಂ ಆಗಿ ಊರಿಗೆ ಬಂದ ಮೇಲೆ ಅದನ್ನು ಸಾಮಾನ್ಯ ಖಾತೆಯಾಗಿ ಬದಲಿಸಬೇಕು, ಬಡ್ಡಿಗಿದ್ದ ತೆರಿಗೆ ವಿನಾಯಿತಿಯೂ ಹೋಗುತ್ತದೆ. ಬಡ್ಡಿ ಬೇಡವೆಂದು ಠೇವಣಿಯನ್ನೇ ಇಡದವರಿಗೂ ಖಾತೆ ಬದಲಿಸುವ ನಿಯಮ ತಪ್ಪಿದ್ದಲ್ಲ.

ನಾಮಿನಿ ವಿಷಯದಲ್ಲಿ ಎಲ್ಲರಿಗೂ ಗೊಂದಲ. ನಾಮಿನಿ ಅಂದರೆ ಮಾಲಕ ಅಲ್ಲ. ಬ್ಯಾಂಕಿನಿಂದ ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು. ಷೇರುಗಳ ಪ್ರಕರಣವೊಂದರಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ತತ್ವವನ್ನೇ ಎತ್ತಿಹಿಡಿದಿದೆ. ಮದುವೆಗೆ ಮೊದಲು ತೆರೆದ ಖಾತೆಯಲ್ಲಿ ಅಣ್ಣನ ಹೆಸರು ನಾಮಿನಿಯಾಗಿ ಬರೆಸಿ, ನಾಲ್ಕು ಮಕ್ಕಳಾದರೂ ಬದಲಿಸದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ ಯಾರಿಗೆ ಎಷ್ಟು ಶೇಕಡಾ ಎಂದೂ ಬರೆಯುವ ಅವಕಾಶ ಬಂದಿದೆ. ಊರಿಗೆ ಬಂದಾಗ ಒಂದು ಬೆಳಿಗ್ಗೆ ಸಾಕು, ಈ ಕೆಲಸ ಮುಗಿಯುತ್ತದೆ.

ತೀರಿಹೋದವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಲು ಕಂದಾಯ ಇಲಾಖೆಯೂ 2025ರಲ್ಲಿ ಇ-ಪೌತಿ ಆಂದೋಲನ ಆರಂಭಿಸಿತು. ಅಜ್ಜನ ಹೆಸರಿನಲ್ಲಿರುವ ಜಾಗಕ್ಕೆ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಮಾರಲಿಕ್ಕೂ ಆಗುವುದಿಲ್ಲ. ತಲೆಮಾರು ಕಳೆದಂತೆ ವಂಶವೃಕ್ಷದಲ್ಲಿ ಹೆಸರು ಹೆಚ್ಚುತ್ತಾ ಹೋಗುತ್ತದೆ. ಇವತ್ತು ಐದು ಸಹಿ ಸಾಕಾದರೆ ಹತ್ತು ವರ್ಷ ಕಳೆದು ಇಪ್ಪತ್ತೈದು ಬೇಕು, ಅದರಲ್ಲಿ ಅರ್ಧದಷ್ಟು ಜನ ಮೂರು ದೇಶಗಳಲ್ಲಿ ಇರುತ್ತಾರೆ.

ಒಂದು ಸಂಜೆ ಕುಳಿತರೆ

"ಉಪ್ಪ ಇರುವಾಗ ಪಾಲಿನ ಮಾತು ಎತ್ತುದು ಹೇಗೆ? ಸಾಯ್ಲಿಕ್ಕೆ ಕಾಯ್ತಾ ಇದ್ದಾರೆ ಅಂತ ತಿಳ್ಕೊಳ್ತಾರೆ" ಎಂಬ ಸಂಕೋಚ ನಮ್ಮನ್ನು ಕಟ್ಟಿಹಾಕಿದೆ. ಆದ್ದರಿಂದ ಮಾತು ಮಕ್ಕಳಿಂದಲ್ಲ, ಉಪ್ಪನಿಂದ ಶುರುವಾಗಬೇಕು. ರಜೆಯಲ್ಲಿ ಎಲ್ಲರೂ ಊರಿನಲ್ಲಿರುವ ಒಂದು ಸಂಜೆ ಹಿರಿಯರೇ ಕರೆದು ಕೂರಿಸಲಿ. ಹೆಣ್ಣುಮಕ್ಕಳೂ ಸೊಸೆಯಂದಿರೂ ಚಹಾ ಕೊಟ್ಟು ಒಳಗೆ ಹೋಗುವುದಲ್ಲ, ಅವರೂ ಕೂರಲಿ. ಮನೆಯ ದಿನದಿನದ ಲೆಕ್ಕ ಗೊತ್ತಿರುವುದು ಅವರಿಗೇ.

ಮೊದಲು ಎಂತ ಉಂಟು, ಎಷ್ಟು ಸಾಲ ಉಂಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಗಲ್ಫಿನ ಕಾರ್ಡ್ ಸಾಲವೂ ಬರಲಿ, ಅಡವಿಟ್ಟ ಒಡವೆಯೂ ಬರಲಿ. ಜಾಗ ಯಾರ ಹೆಸರಲ್ಲಿದೆ, ಮನೆಗೆ ಯಾರೆಷ್ಟು ಹಾಕಿದ್ದಾರೆ ಎಂದು ಬರೆದು ಎಲ್ಲರೂ ಸಹಿ ಹಾಕಿ. ನಾಳೆ ಸಂಬಳ ನಿಂತರೆ ಎಷ್ಟು ತಿಂಗಳು ಮನೆ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಮುಂದಿನ ಎರಡು ವರ್ಷದ ದೊಡ್ಡ ಖರ್ಚು ಯಾವುದು, ಯಾವುದು ಬೇಡ ಎಂದು ಅಲ್ಲೇ ತೀರ್ಮಾನಿಸಿ. ಒಂದೇ ಸಂಜೆಯಲ್ಲಿ ಎಲ್ಲ ಮುಗಿಯುವುದಿಲ್ಲ. ಜಗಳವೂ ಆಗಬಹುದು. ಉಪ್ಪನ ಮುಂದೆ ಆಗುವ ಜಗಳ ಉಪ್ಪನ ಮಾತಿನಲ್ಲೇ ನಿಲ್ಲುತ್ತದೆ. ಅವರು ಹೋದ ಮೇಲೆ ಆಗುವುದನ್ನು ನಿಲ್ಲಿಸಲು ಯಾರಿದ್ದಾರೆ?

ಮಗುವಿಗೆ ಎದೆಹಾಲು ಬಿಡಿಸುವಂಥ ವಿಷಯದಲ್ಲೂ ತಂದೆ ತಾಯಿ ಇಬ್ಬರೂ ಸಮಾಲೋಚಿಸಿ, ಇಬ್ಬರೂ ಒಪ್ಪಿ ತೀರ್ಮಾನಿಸಲಿ ಎಂಬ ಆಶಯ ಕುರ್‌ಆನ್‌ನ ಎರಡನೇ ಅಧ್ಯಾಯದಲ್ಲಿದೆ. ಹಾಲು ಬಿಡಿಸಲು ಇಬ್ಬರ ಒಪ್ಪಿಗೆ ಬೇಕಾದರೆ, ಮೂವತ್ತು ವರ್ಷದ ದುಡಿಮೆಯನ್ನು ಎಲ್ಲಿ ಹಾಕುವುದು ಎಂಬುದಕ್ಕೆ ಬೇಡವೇ?

ಜಮಾಅತ್ ಕಮಿಟಿಗಳೂ ಒಂದು ಕೆಲಸ ಮಾಡಬಹುದು. ಜಗಳ ಬಂದ ಮೇಲೆ ಪಂಚಾಯಿತಿ ಮಾಡುವ ಬದಲು, ರಜೆಯ ಕಾಲದಲ್ಲಿ ಒಬ್ಬ ಉಸ್ತಾದ್, ಒಬ್ಬ ವಕೀಲರು, ಒಬ್ಬ ಬ್ಯಾಂಕಿನವರನ್ನು ಕೂರಿಸಿ ಒಂದು ದಿನ ಮಾಹಿತಿ ಕೊಡಿಸಲಿ. ಹೆಂಗಸರಿಗೂ ಅಲ್ಲಿ ಕುರ್ಚಿ ಇರಲಿ. ಮದುವೆ ಹಾಲಿನ ಒಂದು ದಿನದ ಖರ್ಚಿಗಿಂತ ಇದರ ಖರ್ಚು ಎಷ್ಟೋ ಕಡಿಮೆ.

ಈ ರಜೆಯಲ್ಲಿ ಊರಿಗೆ ಬರುವವರು ಪೆಟ್ಟಿಗೆ ಬಿಚ್ಚಿ ಸೆಂಟು, ಚಾಕಲೇಟು ಹಂಚುವಾಗ ಒಂದು ಮಾತು ನೆನಪಿಟ್ಟುಕೊಳ್ಳಿ. "ಉಪ್ಪ, ಜಾಗದ ಕಾಗದ ಒಮ್ಮೆ ತೆಗೀರಿ, ಎಲ್ಲರೂ ಕೂತು ನೋಡುವಾ" ಎಂದು ಕೇಳಿ. ಉಪ್ಪ ಮೊದಲು ಬೇಸರ ಮಾಡಿಕೊಂಡಾರು. ಆಮೇಲೆ ಅವರೇ ಬೀರುವಿನ ಬೀಗದ ಕೈ ಹುಡುಕುತ್ತಾರೆ. ಯಾಕೆಂದರೆ ತಾನು ಹೋದ ಮೇಲೆ ಮಕ್ಕಳು ಒಟ್ಟಿಗೆ ಉಣ್ಣಬೇಕು ಎಂಬ ಆಸೆ ಎಲ್ಲರಿಗಿಂತ ಹೆಚ್ಚು ಅವರಿಗೇ ಇರುವುದು.